ತಳಾರಿಯ ಕೋಲು, ಹಳೇ ಫೋನಿನ ಕಣ್ಣು

ಈ ಸಲ ಕಾವಲಿನ ಚರಿತ್ರೆಯ ಬಗ್ಗೆ ಬರೆಯೋಣ ಎಂದುಕೊಂಡಿದ್ದೇವೆ. ಕಾವಲು ಎಂದ ಕೂಡಲೇ ಕೋಟೆ, ಕಂದಕ, ಬುರುಜು ಎಂದು ತಿಳಿಯಬೇಡಿ. ನಮ್ಮ ನಿಮ್ಮಂಥವರ ಮನೆ, ಹಿತ್ತಿಲು, ದನದ ಕೊಟ್ಟಿಗೆ, ಕಣದಲ್ಲಿ ರಾಶಿ ಹಾಕಿದ ಶೇಂಗಾ.... ಇವುಗಳ ಕಾವಲು. ಇದರ ಬಗ್ಗೆ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇರುವುದಿಲ್ಲ.

ಈಗ ಯಾಕೆ ಇದು ನೆನಪಾಯಿತು ಎಂದರೆ, ನಮ್ಮ ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳಲ್ಲಿ ಗುಳೆ ಹೋಗುವುದು ಹೊಸದೇನಲ್ಲ. ಮಳೆ ಕೈಕೊಟ್ಟ ವರ್ಷ ಬಿತ್ತಿದ ಬೀಜದ ದುಡ್ಡೂ ಹುಟ್ಟದೆ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟುಬಿಡುತ್ತಾರೆ. ಊರಲ್ಲಿ ಉಳಿಯುವುದು ಅಜ್ಜಿ, ಮತ್ತು ನಮ್ಮ ಕನ್ನಡ ಶಾಲೆಗೆ ಬರುವ ಹುಡುಗನೋ ಹುಡುಗಿಯೋ. ಅಜ್ಜಿಯೂ ಇಲ್ಲದಿದ್ದರೆ ಬಾಗಿಲಿಗೆ ಬೀಗ. ಇಂಥ ಕೆಲವು ಮನೆಗಳಲ್ಲಿ ಈಚೆಗೆ ಒಂದು ಹೊಸ ಏರ್ಪಾಡು ಕಾಣುತ್ತಿದೆ. ಗಾಜು ಬಿರುಕುಬಿಟ್ಟು ಮೂಲೆಗೆ ಬಿದ್ದಿದ್ದ ಹಳೇ ಸ್ಮಾರ್ಟ್‌ಫೋನನ್ನು ಗೋಡೆಯ ಗೂಡಿನಲ್ಲಿ ಬಾಗಿಲ ಕಡೆ ಮುಖ ಮಾಡಿ ನಿಲ್ಲಿಸುತ್ತಾರೆ. ಚಾರ್ಜರ್ ಸಿಕ್ಕಿಸಿ, ಅದರಲ್ಲೊಂದು ಆಪ್ ಹಾಕಿ, ತಮ್ಮ ಹೊಸ ಫೋನಿನಲ್ಲೂ ಅದೇ ಆಪ್ ಹಾಕಿಕೊಂಡು ಹೋಗುತ್ತಾರೆ. ಸುಮಾರು 200 ಕಿ.ಮೀ. ಆಚೆ ಬೆಂಗಳೂರಿನಲ್ಲಿ ಕೂತು ಊರ ಮನೆಯ ಪಡಸಾಲೆ ನೋಡಬಹುದು! ಸಿ.ಸಿ. ಕ್ಯಾಮೆರಾ ಹಾಕಿಸುವಷ್ಟು ದುಡ್ಡಿಲ್ಲದವರಿಗೆ ಇದು ಪುಕ್ಕಟೆ ಕಾವಲುಗಾರ. "ಇದನ್ನು ನಂಬಬಹುದಾ ಮೇಷ್ಟ್ರೇ?" ಎಂದು ತಂದೆತಾಯಿಗಳು ನಮ್ಮನ್ನು ಕೇಳುತ್ತಾರೆ. ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಎಂದು ಹೇಳಲು ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಸೀಮೆಯ ಅತಿ ಹಳೆಯ ಕಾವಲುಗಾರರ ಗುರುತು ಕಲ್ಲಿನಲ್ಲಿದೆ. ಅಮರಾಪುರಂ ಮಂಡಲದ ಹೇಮಾವತಿಗೆ ಹೋಗಿಬಂದವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಹಿಂದೆ ಹೆಂಜೇರು ಎನಿಸಿಕೊಂಡು ನೊಳಂಬರ ರಾಜಧಾನಿಯಾಗಿದ್ದ ಊರು ಅದು. ಆ ಕಾಲದ ವೀರಗಲ್ಲುಗಳು ಗಡಿಯ ಈಚೆಗೂ ಆಚೆಗೂ ಹೊಲದ ಬದುಗಳಲ್ಲಿ, ಊರ ಬಾಗಿಲಲ್ಲಿ ನಿಂತಿವೆ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಸತ್ತವನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಆತ ಕುಳಿತಿರುವುದು. ಬಹಳಷ್ಟು ಕಲ್ಲುಗಳು ರಾಜರ ದೊಡ್ಡ ಯುದ್ಧಕ್ಕೆ ಸಂಬಂಧಪಟ್ಟವಲ್ಲ. ತುರುಗೋಳು, ಅಂದರೆ ದನ ಹಿಡಿದುಕೊಂಡು ಹೋಗಲು ಬಂದವರನ್ನು ಅಡ್ಡಗಟ್ಟಿ ಸತ್ತವರವು. ಹಾಗೆ ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದರ ಹೆಸರು ನೆತ್ತರುಗೊಡಗೆ. ಅಂದರೆ ಕಾಯುವವನಿಗೂ ಊರಿಗೂ ನಡುವೆ ಒಂದು ಕರಾರು ಇತ್ತು. ನೀನು ನಮ್ಮ ದನಕ್ಕಾಗಿ ಸತ್ತರೆ ನಿನ್ನ ಮಕ್ಕಳಿಗೆ ನಾವಿದ್ದೇವೆ ಎಂದು. (ನಾಯಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಶಾಸನದಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಕಥೆಯಿದೆ. ಅದು ಬೇಟೆ ನಾಯಿ, ಕಾವಲು ನಾಯಿಯಲ್ಲ, ಆದರೂ ಹೇಳದೆ ಇರಲಾಗಲಿಲ್ಲ.)

ಕಳುವಾದರೆ ಯಾರು ಹೊಣೆ? ಈ ಪ್ರಶ್ನೆಗೆ ನಮ್ಮ ಹಳೆಯ ಧರ್ಮಶಾಸ್ತ್ರಗಳಲ್ಲಿ ಬಹಳ ಖಚಿತವಾದ ಉತ್ತರ ಇದೆ. ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ ಕಳ್ಳನ ಹೆಜ್ಜೆಯ ಜಾಡು ಊರಿನಿಂದ ಹೊರಗೆ ಹೋಗದಿದ್ದರೆ ಊರ ಒಡೆಯನೇ ಹೊಣೆ. ಗೋಮಾಳದಲ್ಲಿ ಕಳುವಾದರೆ ಗೋಮಾಳದ ಅಧಿಕಾರಿ ಹೊಣೆ. ಈ ಸ್ಮೃತಿಗೆ ಮಿತಾಕ್ಷರ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ಕಲ್ಯಾಣದಲ್ಲಿ ಇದ್ದವನು. ಮಕ್ಕಳು ಗೊಂದಲ ಮಾಡಿಕೊಳ್ಳಬಾರದು, ಅದು ಇಂದಿನ ಬಸವಕಲ್ಯಾಣ, ನಮ್ಮ ಕಲ್ಯಾಣದುರ್ಗ ಅಲ್ಲ. ನಮ್ಮ ಊರಿಗೆ ಆ ಹೆಸರು ಬಂದದ್ದು ಕಲ್ಯಾಣಪ್ಪ ಎಂಬ ಬೋಯ ಪಾಳೆಯಗಾರನಿಂದ ಎಂದು ಹೇಳುತ್ತಾರೆ.

ಪಾಳೆಯಗಾರರ ಮಾತು ಬಂದಿತಲ್ಲ, ಅಲ್ಲಿಗೇ ಬರೋಣ. ವಿಜಯನಗರದ ಕಾಲದಿಂದ ಊರಲ್ಲಿ ಹನ್ನೆರಡು ಮಂದಿ ಆಯಗಾರರು ಎಂಬ ಲೆಕ್ಕ ನಿಮಗೆ ಗೊತ್ತೇ ಇದೆ. ಅವರಲ್ಲೊಬ್ಬ ತಳವಾರ. ತೆಲುಗಿನವರು ತಳಾರಿ ಎನ್ನುತ್ತಾರೆ, ನಮ್ಮ ಕಡೆ ಕನ್ನಡ ಮಾತಾಡುವವರ ಬಾಯಲ್ಲೂ ತಳಾರಿಯೇ. ಆತನಿಗೆ ಊರವರು ಕಣದಲ್ಲೇ ಧಾನ್ಯ ಅಳೆದು ಕೊಡಬೇಕು, ಇಲ್ಲವೆ ಮಾನ್ಯದ ಹೊಲ ಇರುತ್ತಿತ್ತು. ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ 1812ರಲ್ಲಿ ಬಂದ 'ಐದನೇ ವರದಿ'ಯಲ್ಲಿ ಮದ್ರಾಸ್ ಕಡೆಯ ಹಳ್ಳಿಯ ವರ್ಣನೆ ಇದೆ. ಅದರಲ್ಲಿ ತಳಾರಿಯ ಕೆಲಸ ಅಪರಾಧಗಳ ಸುದ್ದಿ ಸಂಗ್ರಹಿಸುವುದು, ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವವರಿಗೆ ಬೆಂಗಾವಲಾಗಿ ಹೋಗುವುದು. ತೋಟಿಯ ಕೆಲಸ ಬೆಳೆ ಕಾಯುವುದು. ಈ ವರ್ಣನೆಯನ್ನೇ 1853ರಲ್ಲಿ ಕಾರ್ಲ್ ಮಾರ್ಕ್ಸ್ ತನ್ನ ಪತ್ರಿಕಾ ಲೇಖನದಲ್ಲಿ ಬಳಸಿಕೊಂಡ. ನಮ್ಮ ತಳಾರಿ ಹೀಗೆ ನ್ಯೂಯಾರ್ಕಿನ ಪೇಪರಿನವರೆಗೆ ಹೋದ!

ಕಾವಲಿನವನ ಮುಖ್ಯ ಹೊಣೆ ಇದು: ಕಳುವಾದ ಮಾಲು ಹುಡುಕಿಕೊಡಬೇಕು, ಇಲ್ಲವೆ ಅದರ ಬೆಲೆ ಕಟ್ಟಿಕೊಡಬೇಕು. ಜಾಡು ಹಿಡಿದು ಪಕ್ಕದ ಊರಿನ ಎಲ್ಲೆಯವರೆಗೆ ಹೋಗಿ "ನಿಮ್ಮ ಸೀಮೆಗೆ ಹೆಜ್ಜೆ ಬಂದಿದೆ, ಇನ್ನು ನಿಮ್ಮದು" ಎಂದು ಆ ಊರಿನ ಕಾವಲಿಗೆ ಒಪ್ಪಿಸಿದರೆ ಮಾತ್ರ ಆತನಿಗೆ ಬಿಡುಗಡೆ. ನೋಡುವವನೇ ಓಡುವವನು, ಓಡುವವನೇ ಉತ್ತರ ಕೊಡುವವನು. ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಹಾಗೆಂದು ಆ ಕಾಲ ರಾಮರಾಜ್ಯವಾಗಿತ್ತು ಎಂದು ನಾವು ಹೇಳುತ್ತಿಲ್ಲ. ವಿಜಯನಗರ ಬಿದ್ದ ಮೇಲೆ ಪಾಳೆಯಗಾರರು ಹಳ್ಳಿಗಳ ಮೇಲೆ ಕಾವಲಿ ಎಂಬ ಹೆಸರಿನಲ್ಲೇ ತೆರಿಗೆ ಎತ್ತತೊಡಗಿದರು. ಕೊಟ್ಟ ಊರಿಗೆ ರಕ್ಷಣೆ, ಕೊಡದ ಊರಿಗೆ ರಾತ್ರಿ ಹೊತ್ತು ಅವರ ಕಡೆಯವರದೇ ದಾಳಿ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. 1800ರ ಅಕ್ಟೋಬರಿನಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ದತ್ತ ಮಂಡಲಗಳಲ್ಲಿ ಆಗ ಸುಮಾರು 80 ಮಂದಿ ಪಾಳೆಯಗಾರರಿದ್ದರು. 1807ರಲ್ಲಿ ಮನ್ರೋ ಹೊರಡುವ ಹೊತ್ತಿಗೆ ಅವರ ಬಲ ಮುರಿದಿತ್ತು. ಸಣ್ಣ ತಳಾರಿಯನ್ನು ಮಾತ್ರ ಆತ ತೆಗೆಯಲಿಲ್ಲ. 1816ರಲ್ಲಿ ಬಂದ ಮದ್ರಾಸಿನ ರೆಗ್ಯುಲೇಷನ್ ಊರ ಮುಖಂಡನಿಗೆ ಪೊಲೀಸ್ ಕೆಲಸ ಕೊಟ್ಟು, ತಳಾರಿಯನ್ನು ಅವನ ಕೈಕೆಳಗೆ ಇಟ್ಟಿತು. 1859ರಲ್ಲಿ ಮದ್ರಾಸ್ ಪೊಲೀಸ್ ಕಾಯ್ದೆ ಬಂತು. ಅಲ್ಲಿಂದ ಮುಂದೆ ಸಂಬಳದ ಪೊಲೀಸು, ಠಾಣೆ, ಖಾಕಿ. ಜಾಡು ಹಿಡಿದು ಹೊಣೆ ಕಟ್ಟುವ ಪದ್ಧತಿ ಹಿಂದೆ ಸರಿಯಿತು. ಕಳುವಾದರೆ ಬೆಲೆ ಕಟ್ಟಿಕೊಡುವ ಪೊಲೀಸ್ ಠಾಣೆ ಯಾವ ಕಾಯ್ದೆಯಲ್ಲೂ ಇಲ್ಲ.

ಕಾವಲು ಎಂಬುದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಟ್ಟು ಚರಿತ್ರೆ ಬರೆಯಬಾರದು. ಎತ್ತು ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿ ವ್ಯಾಪಾರ ಮಾಡುತ್ತಿದ್ದ ಕೊರಚರು, ತೆಲುಗಿನಲ್ಲಿ ಎರುಕಲರು, ರೈಲು ಬಂದ ಮೇಲೆ ಜೀವನೋಪಾಯ ಕಳೆದುಕೊಂಡರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿದಾಗ ಇಂಥವರನ್ನೆಲ್ಲ ಹುಟ್ಟಿನಿಂದಲೇ ಕಳ್ಳರು ಎಂದು ದಾಖಲೆ ಮಾಡಿ, ಬೆರಳಚ್ಚು ತೆಗೆದುಕೊಂಡು, ರಾತ್ರಿ ಹೊತ್ತು ಹಾಜರಿ ಹಾಕಿಸತೊಡಗಿದರು. ಗುಂಟೂರಿನ ಕಡೆ ಸ್ಟುವರ್ಟ್‌ಪುರಂ ಎಂಬ ವಸಾಹತು ಆದದ್ದೂ ಆಗಲೇ. ಆ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರ ಆಗಸ್ಟ್ 31ರಂದು. ಕಾಯ್ದೆ ಹೋದರೂ ಕಣ್ಣು ಹೋಗಲಿಲ್ಲ. ಊರಲ್ಲಿ ಏನಾದರೂ ಕಳುವಾದರೆ ಮೊದಲು ಯಾವ ಕೇರಿಯ ಕಡೆ ಜನ ನೋಡುತ್ತಾರೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಇಂದು ಕ್ಯಾಮೆರಾದ ಮಸುಕು ಚಿತ್ರದಲ್ಲಿ ಯಾರೋ ದಾರಿಹೋಕ ಕಂಡರೆ ಅದನ್ನು ಊರ ವಾಟ್ಸಾಪ್ ಗುಂಪಿಗೆ "ಕಳ್ಳ" ಎಂದು ಹಾಕುವವರು ಈ ಚರಿತ್ರೆಯನ್ನು ಒಮ್ಮೆ ಓದಬೇಕು.

ಆಮೇಲಿನದು ಬೇಗ ಹೇಳಿಬಿಡುತ್ತೇವೆ. ಮುಂಬಯಿಯಲ್ಲಿ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಬೀಗದ ಕಾರ್ಖಾನೆ ಶುರುಮಾಡಿದರು. ಚಿಲಕ, ಅಗುಳಿಗಳ ಜಾಗಕ್ಕೆ ಹಿತ್ತಾಳೆ ಬೀಗ ಬಂತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲ್ಲೂಕು ಈ ಕಡೆಗೆ ಸೇರಿತು. ಬಳ್ಳಾರಿ ಮೈಸೂರಿಗೆ ಹೋಯಿತು. ಪಾವಗಡದ ಕಡೆಗೆ, ಚಳ್ಳಕೆರೆಯ ಕಡೆಗೆ ಓಡಿದ ಕಳ್ಳನ ಜಾಡು ಈಗ ರಾಜ್ಯದ ಗಡಿ ದಾಟುತ್ತದೆ. ಎಲ್ಲೆಯ ಕಲ್ಲಿನ ಹತ್ತಿರ ನಿಂತು ಜಾಡನ್ನು ಒಪ್ಪಿಸುವ ತಳಾರಿ ಇಲ್ಲ. (ಯಾವ ಠಾಣೆಯಲ್ಲಾದರೂ ದೂರು ಕೊಡಬಹುದಾದ ಜೀರೋ ಎಫ್.ಐ.ಆರ್. ಈಗ 2024ರ ಜುಲೈ 1ರಿಂದ ಕಾಯ್ದೆಯಲ್ಲೇ ಇದೆ. ಗಡಿನಾಡಿನ ನಾವು ಇದನ್ನು ತಿಳಿದಿರಬೇಕು.) 1984ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕರಣಂ, ಮುನಸಬುಗಳ ವಂಶಪಾರಂಪರ್ಯ ಹುದ್ದೆಗಳನ್ನು ಒಂದೇ ಏಟಿಗೆ ತೆಗೆದುಹಾಕಿತು. ಮರುವರ್ಷ ಅವರು ನಮ್ಮ ಹಿಂದೂಪುರದಿಂದಲೇ ಶಾಸಕರಾದರು. ತಳಾರಿಗಳು ಗ್ರಾಮ ಸೇವಕರೆಂಬ ಹೆಸರಿನಲ್ಲಿ ಉಳಿದರು, ಆದರೆ ಅವರ ಕೆಲಸ ಕಂದಾಯ ಇಲಾಖೆಯ ಕಾಗದ ಹೊರುವುದಾಯಿತು. ಇವತ್ತು ತಳಾರಿ ಎಂಬುದು ನಮ್ಮ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದಿನ ಮನೆತನದ ಹೆಸರು ಮಾತ್ರ.

ಇನ್ನು ಕ್ಯಾಮೆರಾದ ಕಥೆ. ದೂರದಿಂದ ತಂತಿಯ ಮೂಲಕ ನೋಡುವ ಕ್ಯಾಮೆರಾ ಮೊದಲು ಬಳಕೆಯಾದದ್ದು ಮನೆ ಕಾಯಲಿಕ್ಕಲ್ಲ. 1942ರಲ್ಲಿ ಜರ್ಮನಿಯ ಪೀನೆಮುಂಡೆಯಲ್ಲಿ ರಾಕೆಟ್ ಹಾರುವುದನ್ನು ದೂರ ಕುಳಿತು ನೋಡಲು ವಾಲ್ಟರ್ ಬ್ರುಕ್ ಎಂಬ ಇಂಜಿನಿಯರ್ ಅದನ್ನು ಅಳವಡಿಸಿದ. ಮನೆಯ ಬಾಗಿಲಿಗೆ ಅದನ್ನು ತಂದವಳು ಒಬ್ಬ ನರ್ಸು! ನ್ಯೂಯಾರ್ಕಿನ ಕ್ವೀನ್ಸ್ ಎಂಬಲ್ಲಿ ವಾಸವಿದ್ದ ಮೇರಿ ವಾನ್ ಬ್ರಿಟನ್ ಬ್ರೌನ್ ಎಂಬ ಕಪ್ಪು ಜನಾಂಗದ ಹೆಣ್ಣುಮಗಳು. ಹೊತ್ತಲ್ಲದ ಹೊತ್ತಿನಲ್ಲಿ ಡ್ಯೂಟಿ, ಮನೆಯಲ್ಲಿ ಎಷ್ಟೋ ಸಲ ಒಬ್ಬಳೇ, ಆ ಬಡಾವಣೆಯಲ್ಲಿ ಕಳ್ಳತನ ಜಾಸ್ತಿ, ಕರೆದರೆ ಪೊಲೀಸರು ಬರುವುದು ನಿಧಾನ. ಎಲೆಕ್ಟ್ರಾನಿಕ್ಸ್ ಕೆಲಸ ಬಲ್ಲ ಗಂಡ ಆಲ್ಬರ್ಟ್ ಜೊತೆ ಸೇರಿ 1966ರಲ್ಲಿ ಆಕೆ ಪೇಟೆಂಟಿಗೆ ಅರ್ಜಿ ಹಾಕಿದಳು, 1969ರ ಡಿಸೆಂಬರ್ 2ರಂದು ಸಿಕ್ಕಿತು. ಬಾಗಿಲಲ್ಲಿ ಮೇಲಿಂದ ಕೆಳಗೆ ನಾಲ್ಕು ಕಿಂಡಿ, ಅವುಗಳ ಹಿಂದೆ ಜಾರುವ ಕ್ಯಾಮೆರಾ, ಒಳಗೆ ಟಿ.ವಿ., ಬಂದವರೊಡನೆ ಮಾತಾಡಲು ಮೈಕು, ಅಪಾಯದ ಗುಂಡಿ ಒತ್ತಿದರೆ ಹೊರಗೆ ಸುದ್ದಿ. ಬೇಕಾದವರಿಗೆ ಕೂತಲ್ಲಿಂದಲೇ ಬಾಗಿಲು ತೆರೆಯಬಹುದು. ಇದರಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. ಓಡಿ ಬರುವವರು ಇಲ್ಲದ್ದಕ್ಕೆ ಆಕೆ ಕಣ್ಣು ಕಟ್ಟಿದಳು, ಆದರೆ ಕಣ್ಣಿನ ಪಕ್ಕದಲ್ಲೇ ಕರೆಯುವ ಗುಂಡಿಯನ್ನೂ ಇಟ್ಟಳು.

ಇನ್ನೊಂದು ಹೆಜ್ಜೆ ತಮಾಷೆಯದು. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ವಿಭಾಗದವರು, ಕಾಫಿ ಪಾತ್ರೆ ಖಾಲಿಯಾಗಿದೆಯೋ ಇಲ್ಲವೋ ಎಂದು ನೋಡಲು ಮೆಟ್ಟಿಲು ಹತ್ತಿಳಿಯುವುದು ಬೇಸರವಾಗಿ ಅದರ ಮುಂದೊಂದು ಕ್ಯಾಮೆರಾ ಇಟ್ಟರು. 1993ರಲ್ಲಿ ಆ ಚಿತ್ರ ಇಂಟರ್ನೆಟ್ಟಿಗೆ ಬಂತು, 2001ರಲ್ಲಿ ನಿಂತಿತು. ಸೋಮಾರಿತನದಿಂದ ಹುಟ್ಟಿದ ಆ ಉಪಾಯವೇ ಇಂದು ನಮ್ಮ ಗೂಡಿನಲ್ಲಿ ನಿಂತಿರುವ ಫೋನಿನ ಅಜ್ಜ. 2008ರಲ್ಲಿ ಆಂಡ್ರಾಯ್ಡ್ ಫೋನುಗಳು ಬಂದವು. ಕ್ಯಾಮೆರಾ, ಮೈಕು, ಬ್ಯಾಟರಿ, ಸಿಮ್ಮು ಎಲ್ಲ ಒಂದೇ ಡಬ್ಬಿಯಲ್ಲಿ. ಹಳೇ ಫೋನನ್ನು ಕಾವಲಿಗೆ ಕೂರಿಸುವ ಆಪ್‌ಗಳು ಒಂದೊಂದಾಗಿ ಬಂದವು. ತೈವಾನಿನ ಆಲ್‌ಫ್ರೆಡ್ ಇವುಗಳಲ್ಲಿ ಹೆಸರಾದದ್ದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡಾಟಾ ಅಗ್ಗವಾದ ಮೇಲೆ ನಮ್ಮಂಥ ಊರಿಗೂ ಇದು ಸಾಧ್ಯವಾಯಿತು. 2017ರ ಡಿಸೆಂಬರಿನಲ್ಲಿ ಎಡ್ವರ್ಡ್ ಸ್ನೋಡೆನ್ ಮತ್ತು ಸಂಗಡಿಗರು ಹೇವನ್ ಎಂಬ ಆಪ್ ತಂದರು. ಅದು ನೋಡುವುದಷ್ಟೇ ಅಲ್ಲ, ಸದ್ದು, ಬೆಳಕು, ಅಲುಗಾಟವನ್ನೂ ಗುರುತಿಸಿ ಸುದ್ದಿ ಮುಟ್ಟಿಸುತ್ತಿತ್ತು.

ಅದೇ 2017ರ ಸುಮಾರಿಗೆ ನಮ್ಮ ಆಂಧ್ರದ ಪೊಲೀಸರು ಬೀಗ ಹಾಕಿದ ಮನೆಗಳಿಗಾಗಿಯೇ ಒಂದು ಯೋಜನೆ ತಂದರು. ಎಲ್.ಎಚ್.ಎಂ.ಎಸ್. ಎಂದು ಅದರ ಹೆಸರು. ಊರಿಗೆ ಹೋಗುವವರು ಆಪ್‌ನಲ್ಲಿ ಹೆಸರು ನೋಂದಾಯಿಸಿ ಯಾವ ದಿನದಿಂದ ಯಾವ ದಿನದವರೆಗೆ ಇರುವುದಿಲ್ಲ ಎಂದು ತಿಳಿಸಬೇಕು. ಪೊಲೀಸರು ಬಂದು ಮನೆಯೊಳಗೆ ಪುಕ್ಕಟೆಯಾಗಿ ಕ್ಯಾಮೆರಾ ಇಟ್ಟು ಹೋಗುತ್ತಾರೆ. ಒಳಗೆ ಯಾರಾದರೂ ಅಲುಗಾಡಿದರೆ ಕಂಟ್ರೋಲ್ ರೂಮಿಗೆ ಸುದ್ದಿ, ಅಲ್ಲಿಂದ ಹತ್ತಿರದ ಗಸ್ತಿನವರಿಗೆ. ಚರಿತ್ರೆಯ ದೃಷ್ಟಿಯಿಂದ ನಮಗೆ ಇದು ಬಹಳ ಮುಖ್ಯ ಎನಿಸುತ್ತದೆ. ಕಣ್ಣಿಗೂ ಕಾಲಿಗೂ ಮತ್ತೆ ಗಂಟು ಹಾಕುವ ಪ್ರಯತ್ನ ಇದು. ಬೆಲೆ ಕಟ್ಟಿಕೊಡುವ ಮಾತು ಇಲ್ಲ ನಿಜ, ಆದರೆ ನೋಡಿದವನು ಓಡಿಬರುತ್ತಾನೆ. ಪಟ್ಟಣದ ಒಂದು ಮನೆಗೆ ಇದು ಸರಿ. ಕುಂದುರ್ಪಿ, ಬ್ರಹ್ಮಸಮುದ್ರದ ಕಡೆಯ ಹಳ್ಳಿಯಲ್ಲಿ ಆರು ತಿಂಗಳು ಗುಳೆ ಹೋಗುವ ಕುಟುಂಬ ಏನು ಮಾಡಬೇಕು? ಅಲ್ಲಿಗೆ ಹಳೇ ಫೋನೇ ಗತಿ.

ಹಳೇ ಫೋನು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಕೇಳಿದವರಿಗೆ ನಾವು ಹೇಳುವುದು ಹೀಗೆ. ಅದಕ್ಕೆ ಕಳ್ಳನ ಗುರುತು ಇರುವುದಿಲ್ಲ. ಒಂದು ಚಿತ್ರವನ್ನು ಅದರ ಹಿಂದಿನ ಚಿತ್ರಕ್ಕೆ ಹೋಲಿಸಿ, ಬಹಳ ಚುಕ್ಕೆಗಳು ಬದಲಾಗಿದ್ದರೆ ಸುದ್ದಿ ಕಳಿಸುತ್ತದೆ, ಅಷ್ಟೇ. ಹಲ್ಲಿ ಓಡಿದರೂ ಸುದ್ದಿ, ಲಾರಿಯ ಬೆಳಕು ಗೋಡೆಗೆ ಬಿದ್ದರೂ ಸುದ್ದಿ. ಹತ್ತು ಸಲ ಸುಳ್ಳು ಸುದ್ದಿ ಬಂದ ಮೇಲೆ ಹನ್ನೊಂದನೆಯದನ್ನು ಯಾರೂ ತೆರೆದು ನೋಡುವುದಿಲ್ಲ. ತೋಳ ಬಂತು ತೋಳ ಕಥೆಯೇ. ಆದ್ದರಿಂದ ಬೀದಿಯ ಕಡೆ ತಿರುಗಿಸದೆ ಒಳಗಿನ ಬಾಗಿಲ ಕಡೆ ಇಡಬೇಕು. ಕತ್ತಲಲ್ಲಿ ಫೋನಿಗೆ ಕಾಣುವುದಿಲ್ಲ. ಸಿ.ಸಿ. ಕ್ಯಾಮೆರಾಗಳಲ್ಲಿರುವ ಇನ್‌ಫ್ರಾರೆಡ್ ದೀಪ ಇದರಲ್ಲಿಲ್ಲ, ಒಂದು ಸಣ್ಣ ಬಲ್ಬು ಉರಿಯುತ್ತಿರಬೇಕು. ಆದರೆ ಕರೆಂಟು ಹೋದರೂ ಅದರ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಇದು ದೊಡ್ಡ ಅನುಕೂಲ. ಡಾಟಾ ಲೆಕ್ಕ ಮಕ್ಕಳೇ ಮಾಡಬಹುದು. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಬಿಡದೆ ಕಳಿಸಿದರೆ ಗಂಟೆಗೆ 450 ಎಂ.ಬಿ., ದಿನಕ್ಕೆ 10.8 ಜಿ.ಬಿ. ಅಲುಗಾಡಿದಾಗ ಮಾತ್ರ ಕಳಿಸುವಂತೆ ಇಡದಿದ್ದರೆ ಸಿಮ್ಮಿನ ಡಾಟಾ ಬೆಳಗಾಗುವುದರೊಳಗೆ ಮುಗಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಹಗಲು ರಾತ್ರಿ ಚಾರ್ಜಿಗಿಟ್ಟ ಹಳೇ ಬ್ಯಾಟರಿ ಉಬ್ಬಿಕೊಳ್ಳುತ್ತದೆ. ಬಿಸಿಲು ಬೀಳುವ ಕಿಟಕಿ ಬೇಡ, ಹುಲ್ಲು, ಬಟ್ಟೆ, ಹಾಸಿಗೆಯ ಹತ್ತಿರ ಬೇಡವೇ ಬೇಡ. ಬೆನ್ನು ಉಬ್ಬಿದ ಫೋನನ್ನು ಆ ಕ್ಷಣವೇ ತೆಗೆದುಬಿಡಬೇಕು.

ಪಾಸ್‌ವರ್ಡಿನ ಮಾತು ಬೇರೆ. 2016ರ ಅಕ್ಟೋಬರಿನಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಂ, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮನೆ ಕ್ಯಾಮೆರಾಗಳನ್ನು ಪ್ರಪಂಚದಾದ್ಯಂತ ವಶಪಡಿಸಿಕೊಂಡು ಅಮೆರಿಕದ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನೇ ಕೆಡವಿತು. ಕಾವಲುಗಾರರೆಲ್ಲ ಸೇರಿ ದರೋಡೆಗೆ ಹೋದ ಹಾಗೆ! ಹಳೇ ಫೋನಿನಲ್ಲಿರುವ ಹಳೇ ಖಾತೆ, ಫೋಟೋ, ಬ್ಯಾಂಕಿನ ಆಪ್ ಎಲ್ಲ ಅಳಿಸಿ, ಹೊಸ ಖಾತೆ ತೆರೆದು, ಹುಟ್ಟಿದ ತಾರೀಖಲ್ಲದ ಪಾಸ್‌ವರ್ಡ್ ಇಟ್ಟು ಆಮೇಲೆ ಕೂರಿಸಬೇಕು.

ಆ ಕಣ್ಣು ಅಜ್ಜಿಯನ್ನೂ ಮಗುವನ್ನೂ ನೋಡುತ್ತಿರುತ್ತದೆ ಎಂಬುದನ್ನು ಬೆಂಗಳೂರಿನಲ್ಲಿರುವ ತಂದೆತಾಯಿಗಳು ಮರೆಯುತ್ತಾರೆ. ನಮಗೆ ಇದೇ ದೊಡ್ಡ ವಿಷಯ. ಒಂದೇ ಕೋಣೆಯ ಮನೆಯಲ್ಲಿ ಎಂಟನೇ ತರಗತಿಯ ಹುಡುಗಿ ಬಟ್ಟೆ ಬದಲಾಯಿಸುವುದು ಎಲ್ಲಿ? ಆ ಚಿತ್ರಗಳು ಹೋಗಿ ಕೂರುವುದು ಯಾವುದೋ ದೇಶದ ಕಂಪ್ಯೂಟರಿನಲ್ಲಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ನಮ್ಮ ಕನ್ನಡದವರೇ. ಮಗು ಶಾಲೆಯಿಂದ ಬಂದ ಮೇಲೆ ಕ್ಯಾಮೆರಾ ಗೋಡೆಯ ಕಡೆ ತಿರುಗಲಿ, ಇಲ್ಲವೆ ಆಪ್ ನಿಲ್ಲಲಿ, ಮತ್ತು ಅದನ್ನು ನಿಲ್ಲಿಸುವುದು ಹೇಗೆಂದು ಅಜ್ಜಿಗೂ ಮಗುವಿಗೂ ಗೊತ್ತಿರಲಿ ಎಂದು ನಾವು ಹೇಳುತ್ತೇವೆ. ಕೆಲವು ಅಜ್ಜಿಯರು ನಾವು ಹೇಳುವ ಮೊದಲೇ ಅದರ ಮೇಲೆ ಟವೆಲ್ ಹಾಕಿ ಕೂತಿರುತ್ತಾರೆ!

ಕಳುವು ಆಗಿಯೇ ಹೋದರೆ, ಆ ವಿಡಿಯೋವನ್ನು ವಾಟ್ಸಾಪಿನಲ್ಲಿ ಹತ್ತು ಜನಕ್ಕೆ ಕಳಿಸಿ ಮೂಲವನ್ನು ಅಳಿಸಬಾರದು. ಕೋರ್ಟಿನಲ್ಲಿ ಅದು ಸಾಕ್ಷಿಯಾಗಬೇಕಾದರೆ ನಿಯಮದ ಪ್ರಕಾರ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಅದು 65ಬಿ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 63ನೇ ಕಲಂ. ಫೋನನ್ನು ಇದ್ದ ಹಾಗೆಯೇ ಠಾಣೆಗೆ ಒಪ್ಪಿಸುವುದು ಒಳ್ಳೆಯದು.

ಇನ್ನು ಓಡುವವರ ವಿಷಯ. ರಾತ್ರಿ ಎರಡು ಗಂಟೆಗೆ ಬೆಂಗಳೂರಿನ ಶೆಡ್ಡಿನಲ್ಲಿ ಮಲಗಿದವನ ಫೋನು ಗುಂಯ್ ಎಂದರೆ ಆತ ಎದ್ದು ನೋಡಬಲ್ಲ, ಓಡಿ ಬರಲಾರ. ಇಂಥ ಆಪ್‌ಗಳಲ್ಲಿ ಕ್ಯಾಮೆರಾವನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವ ಸೌಲಭ್ಯ ಕೆಲವದರಲ್ಲಿದೆ. ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲಿ ಯಾರು ಇದನ್ನು ಹಾಕಿದರೂ ನಾವು ಕೇಳುವ ಮೊದಲ ಪ್ರಶ್ನೆ ಫೋನು ಯಾವ ಕಂಪನಿಯದು ಎಂದಲ್ಲ, ಊರಲ್ಲಿ ಇನ್ನು ಯಾರ ಫೋನಿಗೆ ಆ ಸುದ್ದಿ ಹೋಗುತ್ತದೆ ಎಂದು. ಪಕ್ಕದ ಮನೆಯವರನ್ನು ಕೇಳಿ ಒಪ್ಪಿಸಿ, ಅವರ ಹೆಸರು, ಠಾಣೆಯ ನಂಬರು, 112 ಇಷ್ಟನ್ನೂ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ಹೋಗಿ ಎಂದು ಹೇಳಿ ಕಳಿಸುತ್ತೇವೆ. ಹಾಳೆ ಬರೆಯುವ ಕೆಲಸ ಆಯಾ ಮನೆಯ ಮಗುವಿನದು. ಕನ್ನಡದಲ್ಲೊಂದು, ತೆಲುಗಿನಲ್ಲೊಂದು.